ಕರೆಂಟಿನ ಜೊತೆಗೇ ಮಾತೂ ಹೋಗುತ್ತಿದ್ದ ಜಾಲ: ಕಾಫಿ ಸೀಮೆಯ ಒಂದು ವಿದ್ಯುತ್ ಉಪವಿಭಾಗದ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗಡಿಯಲ್ಲಿ, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳು ಒಂದನ್ನೊಂದು ಮುಟ್ಟುವ ಕಾಫಿ ಸೀಮೆಯಲ್ಲಿ. ಉಪವಿಭಾಗ ಗಡಿಯ ಯಾವ ಮಗ್ಗುಲಿನದು, ಉಪಕರಣಗಳನ್ನು ಯಾರು ಒದಗಿಸಿದರು, ಗುತ್ತಿಗೆ ಯಾರದಾಗಿತ್ತು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹಿಡಿಯಲು ಅನುವಾಗುವ ಸಂಖ್ಯೆ, ದೂರ, ಹುದ್ದೆಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ಈ ಕೆಲಸಕ್ಕೆ ನಾನು ಹೊರಗಿನಿಂದ ಬಂದವನು. ವಿದ್ಯುತ್ ಜಾಲದ ಸಂಪರ್ಕ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಡಲು ನನ್ನನ್ನು ಕರೆಸಲಾಗಿತ್ತು, ಆದರೆ ಮೂರು ಮಳೆಗಾಲ ಅಲ್ಲೇ ಓಡಾಡುವಂತಾಯಿತು. ಮೊದಲ ಎರಡು ಮಳೆಗಾಲಗಳಲ್ಲಿ ಆದ ತಪ್ಪುಗಳಲ್ಲಿ ಕೆಲವು ನನ್ನ ಶಿಫಾರಸಿನಿಂದಲೇ ಆದವು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿನ್ನೆಲೆ

ಈ ಸೀಮೆಯ 11 ಕೆವಿ (11,000 ವೋಲ್ಟಿನ) ವಿದ್ಯುತ್ ಮಾರ್ಗಗಳು ರಸ್ತೆಯ ಬದಿಯಲ್ಲಿ ಹೋಗುವುದಕ್ಕಿಂತ ತೋಟದೊಳಗೆ ಹಾದು ಹೋಗುವುದೇ ಹೆಚ್ಚು. ಕಾಫಿಗೆ ನೆರಳು ಬೇಕು, ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ತಂತಿಗಿಂತ ಎಷ್ಟೋ ಎತ್ತರ ಬೆಳೆಯುತ್ತದೆ, ಅದರ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಮುಂಗಾರಿಗೆ ಮೊದಲು ಚೆನ್ನಾಗಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಆದ ವರ್ಷ ಫೀಡರ್, ಅಂದರೆ ಸ್ಟೇಷನ್ನಿನಿಂದ ಹೊರಡುವ ಮಾರ್ಗ, ಕಡಿಮೆ ಟ್ರಿಪ್ ಆಗುತ್ತದೆ (ದೋಷ ಕಂಡು ತಾನೇ ಕರೆಂಟು ಕಡಿಯುತ್ತದೆ), ಆಳು ಸಿಗದೆ ಮರಗಸಿ ತಪ್ಪಿದ ವರ್ಷ ಪುನರ್ವಸು, ಪುಷ್ಯ ಮಳೆಗಳಲ್ಲಿ ದಿನವೂ ಟ್ರಿಪ್ ಆಗುತ್ತದೆ ಎಂಬ ಲೆಕ್ಕ ಇಲ್ಲಿಯ ಎಲ್ಲ ಪವರ್‌ಮ್ಯಾನ್‌ಗಳಿಗೂ ಗೊತ್ತು. ಇದರ ಮೇಲೆ ಸಕಲೇಶಪುರ, ಆಲೂರು, ಬೇಲೂರು ಭಾಗದ ಕಾಡಾನೆಗಳ ಸಮಸ್ಯೆ ಬೇರೆ. ಕತ್ತಲಾದ ಮೇಲೆ ಫಾಲ್ಟ್ ಹುಡುಕುತ್ತಾ ಮಾರ್ಗ ಹಿಡಿದು ತೋಟದೊಳಗೆ ನಡೆಯುವುದೆಂದರೆ ಆನೆಯ ದಾರಿಯಲ್ಲಿ ನಡೆದ ಹಾಗೆ. ದೂರದಿಂದಲೇ ಸ್ವಿಚ್ ನಿಯಂತ್ರಿಸುವ ವ್ಯವಸ್ಥೆ ನಗರದಲ್ಲಿ ಅನುಕೂಲದ ಮಾತಾದರೆ, ಇಲ್ಲಿ ಜೀವದ ಮಾತು.

ಹಳೆಯ ಸಂಪರ್ಕ ವ್ಯವಸ್ಥೆ ಹಂತಹಂತವಾಗಿ ಬೆಳೆದದ್ದು. ದೊಡ್ಡ ಸ್ವೀಕರಣಾ ಕೇಂದ್ರಗಳ (ಹೆಚ್ಚಿನ ವೋಲ್ಟೇಜನ್ನು ಇಳಿಸಿ ಹಂಚುವ ಸ್ಟೇಷನ್ನುಗಳ) ನಡುವೆ ಹಿಂದೆ ಪಿಎಲ್‌ಸಿಸಿ ಇತ್ತು. ವಿದ್ಯುತ್ ಹರಿಯುವ ತಂತಿಯ ಮೇಲೆಯೇ 40ರಿಂದ 500 ಕಿಲೋಹರ್ಟ್ಸ್ ನಡುವಿನ ಅಲೆಯನ್ನು ಕಳುಹಿಸಿ ಮಾತು, ಸಂಕೇತಗಳನ್ನು ಸಾಗಿಸುವ ವಿಧಾನ ಅದು. ಆಮೇಲೆ ಉಕ್ಕಿನ ಗೋಪುರಗಳ ಮೇಲಿನ ಭೂತಂತಿಯೊಳಗೇ ಆಪ್ಟಿಕಲ್ ಫೈಬರ್ ಸೇರಿಸಿದ ಒಪಿಜಿಡಬ್ಲ್ಯು ಬಂತು. ಅದು ಗಟ್ಟಿ ವ್ಯವಸ್ಥೆ. ಆದರೆ ಅದು ಸ್ವೀಕರಣಾ ಕೇಂದ್ರದ ಗೇಟಿನಲ್ಲೇ ಮುಗಿಯುತ್ತದೆ. ಕಂಬಗಳ ಮೇಲೆ ಹೋಗುವ 33 ಕೆವಿ, 11 ಕೆವಿ ಮಾರ್ಗಗಳಿಗೆ ಅಂಥ ಭೂತಂತಿಯೇ ಇಲ್ಲ. ಕೆಳಗಿನ ಹಂತದಲ್ಲಿ ಒಂದು ಕಾಲದಲ್ಲಿ ವಿಎಚ್‌ಎಫ್ ವೈರ್‌ಲೆಸ್ ಸೆಟ್‌ಗಳಿದ್ದವು. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಅವು ಬೀರುವಿಗೆ ಸೇರಿದವು, ಅವುಗಳ ಆಂಟೆನಾ ಕಂಬ ಮಾತ್ರ ಉಪವಿಭಾಗದ ಕಚೇರಿಯ ಹಿಂದೆ ತುಕ್ಕು ಹಿಡಿದು ನಿಂತಿತ್ತು.

2018 ಮತ್ತು 2019ರ ಆಗಸ್ಟ್ ಮಳೆಯಲ್ಲಿ ಘಟ್ಟದಂಚಿನ ಗುಡ್ಡಗಳು ಕುಸಿದು, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿನ ರೈಲು ಮಾರ್ಗವೂ ಶಿರಾಡಿ ಘಾಟಿಯ ರಸ್ತೆಯೂ ಮುಚ್ಚಿದ್ದನ್ನು ಓದುಗರು ಮರೆತಿರಲಾರರು. ಆ ಎರಡು ವರ್ಷಗಳ ನಂತರ ಉಪವಿಭಾಗದಲ್ಲಿ 14 ಕಡೆ ರಿಕ್ಲೋಸರ್‌ಗಳನ್ನು ಕೂರಿಸಲಾಯಿತು. ಮಾರ್ಗದಲ್ಲಿ ದೋಷ ಕಂಡರೆ ತಾನೇ ತೆರೆದುಕೊಂಡು (ಕರೆಂಟು ಕಡಿದು), ಸ್ವಲ್ಪ ಬಿಟ್ಟು ಮತ್ತೆ ಮುಚ್ಚಿ (ಕರೆಂಟು ಹರಿಸಿ) ನೋಡಿ, ದೋಷ ಹಾಗೆಯೇ ಇದ್ದರೆ ತೆರೆದೇ ಉಳಿದು ಲಾಕ್‌ಔಟ್ ಆಗುವ ಸ್ವಿಚ್ ಅದು. ಪ್ರತಿಯೊಂದಕ್ಕೂ ಒಂದು ಮೊಬೈಲ್ ಮೋಡೆಮ್ ಜೋಡಿಸಿ, ನಗರದ ನಿಯಂತ್ರಣ ಕೊಠಡಿಯ ಸ್ಕಾಡಾ (ದೂರದ ಉಪಕರಣಗಳನ್ನು ನೋಡಿ ನಿಯಂತ್ರಿಸುವ ತಂತ್ರಾಂಶ) ಪರದೆಗೆ ಸೇರಿಸಲಾಗಿತ್ತು. ಉಪಕರಣಗಳು ಪರದೆಯೊಂದಿಗೆ ಮಾತನಾಡುವ ಭಾಷೆ ಐಇಸಿ 60870-5-104 ಎಂಬ ಮಾನಕ, ಎಂಜಿನಿಯರುಗಳ ಬಾಯಲ್ಲಿ ಬರಿಯ ‘ಒನ್ ನಾಟ್ ಫೋರ್’.

ತೊಂದರೆ

ಬೇಸಿಗೆಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ತೋಟಗಳಿಗೆ ಹೂವಿಗೆಂದು ಸ್ಪ್ರಿಂಕ್ಲರ್ ಹಾಯಿಸುವಾಗ ಲೋಡ್ ಏರುವುದನ್ನು ನಿಯಂತ್ರಣ ಕೊಠಡಿಯವರು ಕೂತಲ್ಲಿಂದಲೇ ನೋಡಿ, ಫೀಡರ್ ಬದಲಿಸಿ ನಿಭಾಯಿಸಿದ್ದರು. ಜೂನ್ ಕೊನೆಗೆ ಗಾಳಿ ಮಳೆ ಶುರುವಾದೊಡನೆ ಪರದೆಯ ಮೇಲಿನ ಗುರುತುಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಯಾವ ಹೊತ್ತಿಗಾಗಿ ಈ ವ್ಯವಸ್ಥೆಯನ್ನು ಕಟ್ಟಿದ್ದರೋ ಸರಿಯಾಗಿ ಆ ಹೊತ್ತಿಗೆ ಅದು ಇರುತ್ತಿರಲಿಲ್ಲ. ಗುತ್ತಿಗೆದಾರರ ಉತ್ತರ ಸಿದ್ಧವಾಗಿತ್ತು: ಮಳೆಗೆ ಸಿಗ್ನಲ್ ಸಿಗುವುದಿಲ್ಲ. ನಾನೂ ಅದನ್ನೇ ನಂಬಿದೆ. ಒದ್ದೆ ಎಲೆಗಳು ರೇಡಿಯೋ ಅಲೆಯನ್ನು ಹೀರುವುದು ನಿಜ, ಕಣಿವೆಯಲ್ಲಿ ಸಿಗ್ನಲ್ ಬಡವಾಗಿರುವುದೂ ನಿಜ. ಕಣ್ಣೆದುರಿಗೇ ಎರಡು ನಿಜಗಳಿದ್ದಾಗ ಮೂರನೆಯದನ್ನು ಹುಡುಕುವ ಮನಸ್ಸು ಬರಲಿಲ್ಲ.

ಮಾಡಿನೋಡಿದ್ದು

ಮೊದಲ ಪ್ರಯತ್ನ ಎರಡು ಸಿಮ್. ಒಂದು ಕಂಪನಿಯ ಸಿಗ್ನಲ್ ಹೋದರೆ ಇನ್ನೊಂದು ಹಿಡಿಯಲಿ ಎಂದು ಎಲ್ಲ ಮೋಡೆಮ್‌ಗಳನ್ನೂ ಬದಲಿಸಿ, ಆಂಟೆನಾಗಳನ್ನು ಕಂಬದ ತುದಿಗೆ ಏರಿಸಿದೆವು. ಮಳೆ ಬಂದಾಗ ಎರಡೂ ಸಿಮ್‌ಗಳು ಬಹುತೇಕ ಒಟ್ಟಿಗೇ ಹೋದವು. ಕಾರಣವನ್ನು ಆಗ ವಿಚಾರಿಸಲಿಲ್ಲ, ಮಳೆಯ ಮೇಲೇ ಹಾಕಿದೆವು.

ಎರಡನೆಯದು ಫೈಬರ್. ಲೋಹವೇ ಇಲ್ಲದ, ತನ್ನ ತೂಕವನ್ನು ತಾನೇ ಹೊರುವ ಎಡಿಎಸ್‌ಎಸ್ ಕೇಬಲನ್ನು 11 ಕೆವಿ ಕಂಬಗಳ ಮೇಲೆಯೇ ಎಳೆದು, ಒಂದು ಫೀಡರ್‌ನ ಮೂರು ರಿಕ್ಲೋಸರ್‌ಗಳನ್ನು ಪ್ರಾಯೋಗಿಕವಾಗಿ ಸೇರಿಸಿದೆವು. ಇದು ನನ್ನ ಶಿಫಾರಸು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮಾರ್ಗವಿರಲಿಲ್ಲ, ಆದರೆ ಮೇ ತಿಂಗಳಲ್ಲಿ ಮರಗಸಿಯವರು ಬೀಳಿಸಿದ ಕೊಂಬೆಗೆ ಒಮ್ಮೆ ತುಂಡಾಯಿತು, ಜುಲೈಯಲ್ಲಿ ಬುಡಮೇಲಾದ ಮರಕ್ಕೆ ಕಂಬದ ಸಮೇತ ಮತ್ತೊಮ್ಮೆ. ವಿದ್ಯುತ್ ತಂತಿ ಹರಿದರೆ ಪವರ್‌ಮ್ಯಾನ್ ಮಳೆಯಲ್ಲೇ ನಿಂತು ಜೋಡಿಸಬಲ್ಲ. ಕೂದಲೆಳೆಯಂಥ ಫೈಬರನ್ನು ಜೋಡಿಸಲು ಒಣ ಜಾಗ, ಯಂತ್ರ, ಅದನ್ನು ಬಲ್ಲವರು ಮೂರೂ ಒಂದೇ ಕಡೆ ಸೇರಬೇಕು. ಕರೆಂಟು ಎರಡು ದಿನಕ್ಕೆ ಬಂತು, ಫೈಬರ್ ಹದಿನೈದು ದಿನಕ್ಕೆ. ತಂತಿ ಬಿದ್ದಾಗ ಸುದ್ದಿ ಕೊಡಬೇಕಾದದ್ದನ್ನು ಆ ತಂತಿಯ ಕಂಬಕ್ಕೇ ಕಟ್ಟಿದ್ದೆವು ಎಂಬುದು ಆಮೇಲೆ ಹೊಳೆಯಿತು.

ಮೂರನೆಯದು ಉಪಗ್ರಹ. ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲೇ ಇರುವುದರಿಂದಲೋ ಏನೋ, ಸಭೆಯಲ್ಲಿ ಈ ಸಲಹೆಗೆ ಯಾರೂ ಎದುರು ಮಾತನಾಡಲಿಲ್ಲ. ಎರಡು ಕಡೆ ವಿಸ್ಯಾಟ್ ತಟ್ಟೆ (ಉಪಗ್ರಹ ಸಂಪರ್ಕದ ಸಣ್ಣ ಆಂಟೆನಾ) ಇಟ್ಟೆವು. ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬರುವ ಸಂದೇಶಕ್ಕೆ ಪ್ರಶ್ನೆ, ಉತ್ತರ ಎರಡೂ ಸೇರಿ ಅರ್ಧ ಸೆಕೆಂಡಿಗೂ ಮೇಲೆ ಬೇಕಾಗುತ್ತದೆ. ಅದೇನೂ ದೊಡ್ಡದಲ್ಲ. ಆದರೆ ತಟ್ಟೆ ಬಳಸುವ ಕೆಯು ಬ್ಯಾಂಡಿನ (ಅತಿ ಹೆಚ್ಚು ಆವರ್ತನದ) ಸಂಕೇತ ದಟ್ಟ ಮಳೆಯಲ್ಲಿ ಕ್ಷೀಣಿಸಿ ಕಡಿದು ಕಡಿದು ಬರತೊಡಗಿದಾಗ, ‘ಒನ್ ನಾಟ್ ಫೋರ್’ನ ಕಾಯುವ ಗಡುವುಗಳು ಅಡ್ಡ ಬಂದವು. ಕಳುಹಿಸಿದ್ದಕ್ಕೆ 15 ಸೆಕೆಂಡಿನೊಳಗೆ ಒಪ್ಪಿಗೆ ಬರದಿದ್ದರೆ ಸಂಪರ್ಕವನ್ನೇ ಕಡಿದು ಹೊಸದಾಗಿ ಆರಂಭಿಸುವುದು ಆ ಮಾನಕದ ಮೂಲ ಏರ್ಪಾಡು. ಮಳೆಯ ರಾತ್ರಿ ಇಡೀ ಎರಡು ತಟ್ಟೆಗಳೂ ಕಡಿಯುವುದು, ಸೇರುವುದು ಇದರಲ್ಲೇ ಕಾಲ ಕಳೆದವು. ಗಡುವು ಹೆಚ್ಚಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಆದರೂ ತಟ್ಟೆಯ ಮೋಡೆಮ್‌ಗೆ ಬೇಕಾದ ವಿದ್ಯುತ್ತು ರಿಕ್ಲೋಸರ್ ಪೆಟ್ಟಿಗೆಯ ಸಣ್ಣ ಬ್ಯಾಟರಿಗೆ ಭಾರವೇ ಆಗಿತ್ತು.

ತಿರುವು: ಹನ್ನೊಂದು ನಿಮಿಷ ತಡವಾದ ಆಜ್ಞೆ

ಎರಡನೆಯ ಮಳೆಗಾಲದ ಪುಷ್ಯ ಮಳೆಯಲ್ಲಿ, ಸಂಜೆಯ ಹೊತ್ತಿಗೆ, ಒಂದು ರಿಕ್ಲೋಸರ್‌ನ ಆಚೆಗಿನ ಕವಲು ಮಾರ್ಗದ ಮೇಲೆ ಕೊಂಬೆ ಬಿದ್ದು ಅದು ಲಾಕ್‌ಔಟ್ ಆಯಿತು. ಪವರ್‌ಮ್ಯಾನ್ ಒಬ್ಬರು ಸಹಾಯಕನೊಂದಿಗೆ ಹೋದರು. ಮೊಬೈಲ್ ಸತ್ತಿತ್ತು, ಆದ್ದರಿಂದ ಬೈಕಿನಲ್ಲಿ ಸ್ಟೇಷನ್ನಿಗೆ ಹೋಗಿ ಲೈನ್ ಕ್ಲಿಯರ್ (ಮಾರ್ಗದಲ್ಲಿ ಕರೆಂಟಿಲ್ಲ, ಕೆಲಸ ಮಾಡಬಹುದು ಎಂಬ ಲಿಖಿತ ಅನುಮತಿ) ಬರೆಸಿಕೊಂಡು ಬಂದರು. ಸ್ಟೇಷನ್ನಿನ ಆಪರೇಟರ್ ಅದನ್ನು ಪುಸ್ತಕದಲ್ಲಿ ನಮೂದಿಸಿದರೇ ಹೊರತು ನಗರದ ನಿಯಂತ್ರಣ ಕೊಠಡಿಗೆ ತಿಳಿಸುವ ದಾರಿ ಅವರಿಗಿರಲಿಲ್ಲ. ಪವರ್‌ಮ್ಯಾನ್ ಮಾರ್ಗಕ್ಕೆ ಎರಡೂ ಕಡೆ ಅರ್ತಿಂಗ್ ರಾಡ್ ಹಾಕಿ (ತಂತಿಯನ್ನು ನೆಲಕ್ಕೆ ಜೋಡಿಸಿ) ಕೆಲಸ ಆರಂಭಿಸಿದರು. ರಿಕ್ಲೋಸರ್ ಪೆಟ್ಟಿಗೆಯಲ್ಲಿರುವ ಲೋಕಲ್-ರಿಮೋಟ್ ಸ್ವಿಚ್ಚನ್ನು ದೂರದ ಆಜ್ಞೆ ನಡೆಯದಂತೆ ಲೋಕಲ್‌ಗೆ ತಿರುಗಿಸಬೇಕಿತ್ತು. ಅದರ ಕೀಲಿ ಶಾಖಾ ಕಚೇರಿಯಲ್ಲಿತ್ತು.

ನಗರದಲ್ಲಿ ಕುಳಿತವರಿಗೆ ಕಂಡದ್ದು ಇಷ್ಟೇ: ರಿಕ್ಲೋಸರ್ ತೆರೆದಿದೆ, ಗ್ರಾಹಕರು ಕಾಯುತ್ತಿದ್ದಾರೆ. ಒಮ್ಮೆ ಮುಚ್ಚಿ ನೋಡೋಣ ಎಂದು ಆಜ್ಞೆ ಕೊಟ್ಟರು. ಸಂಪರ್ಕ ಇರಲಿಲ್ಲ, ಏನೂ ಆಗಲಿಲ್ಲ, ಅವರು ಮುಂದಿನ ಕೆಲಸಕ್ಕೆ ತಿರುಗಿದರು. ತಂತ್ರಾಂಶ ಮಾತ್ರ ಆ ಆಜ್ಞೆಯನ್ನು ಸರದಿಯಲ್ಲಿಟ್ಟುಕೊಂಡು ಕಾಯುತ್ತಿತ್ತು. ಹನ್ನೊಂದು ನಿಮಿಷದ ನಂತರ ಮೋಡೆಮ್‌ಗೆ ಒಂದು ಕ್ಷಣ ಸಿಗ್ನಲ್ ಸಿಕ್ಕಾಗ ಆಜ್ಞೆ ತಲುಪಿತು, ರಿಕ್ಲೋಸರ್ ಮುಚ್ಚಿತು. ಅರ್ತಿಂಗ್ ಇದ್ದದ್ದರಿಂದ ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಟ್ರಿಪ್ ಆಯಿತು. ಪವರ್‌ಮ್ಯಾನ್ ಆ ಹೊತ್ತಿಗೆ ಹಗ್ಗ ತರಲೆಂದು ಕಂಬದಿಂದ ಇಳಿದಿದ್ದರು.

ಮಾರನೆಯ ದಿನದಿಂದ ದೂರ ನಿಯಂತ್ರಣವನ್ನು ಪೂರ್ತಿ ನಿಲ್ಲಿಸಲಾಯಿತು, ಪರದೆ ನೋಡುವುದಕ್ಕಷ್ಟೇ ಉಳಿಯಿತು. ಈ ಇಡೀ ಪ್ರಕರಣದಲ್ಲಿ ತಡವಿಲ್ಲದೆ ತೆಗೆದುಕೊಂಡ ನಿರ್ಧಾರ ಅದೊಂದೇ, ಅತ್ಯಂತ ಸರಿಯಾದ ನಿರ್ಧಾರವೂ ಅದೇ; ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಮೇಲಿನವರ ಅನುಮತಿಗೆ ಕಾಯಲಿಲ್ಲ.

ಪರಿಶೀಲನೆಯಲ್ಲಿ ಹೊರಬಂದ ಎರಡು ಅಂಶಗಳು ಬೇರೆ ಕಡೆಯವರಿಗೂ ಉಪಯೋಗವಾಗಬಲ್ಲವು. ಆಜ್ಞೆಗೆ ಸಮಯದ ಮುದ್ರೆ ಒತ್ತಿ, ಹಳೆಯದಾಗಿದ್ದರೆ ತಿರಸ್ಕರಿಸುವ ಅವಕಾಶ ‘ಒನ್ ನಾಟ್ ಫೋರ್’ನಲ್ಲಿ ಮೊದಲಿನಿಂದಲೂ ಇದೆ, ನಮ್ಮಲ್ಲಿ ಸಮಯವಿಲ್ಲದ ಆಜ್ಞೆಯನ್ನೇ ಬಳಸಿದ್ದರು. ಹಾಗೆಯೇ ಪ್ರತಿ ಮಾಹಿತಿಯ ಜೊತೆಗೆ ಅದು ಸದ್ಯದ್ದಲ್ಲ ಎಂದು ತಿಳಿಸುವ ಒಂದು ಗುರುತು ಆ ಮಾನಕದಲ್ಲಿದೆ. ನಮ್ಮ ಪರದೆ ಆ ಗುರುತನ್ನು ಓದುತ್ತಲೇ ಇರಲಿಲ್ಲ, ಸಂಪರ್ಕ ಪೂರ್ತಿ ಕಡಿದು ಎಷ್ಟೋ ಹೊತ್ತಾದ ಮೇಲೆ ಬೂದು ಬಣ್ಣ ತೋರಿಸುತ್ತಿತ್ತು, ಅಲ್ಲಿಯವರೆಗೆ ಹಳೆಯ ಸ್ಥಿತಿ ಹೊಸದರಂತೆಯೇ ಹೊಳೆಯುತ್ತಿತ್ತು. ಎರಡೂ ದೋಷಗಳನ್ನು ಸರಿಪಡಿಸಲು ಹೊಸ ಉಪಕರಣ ಒಂದೂ ಬೇಕಾಗಲಿಲ್ಲ.

ಎರಡು ಪುಸ್ತಕಗಳು

ಸಂಪರ್ಕ ಯಾಕೆ ಹೋಯಿತು ಎಂಬ ಪ್ರಶ್ನೆಯನ್ನು ಆ ಘಟನೆಯ ನಂತರವೇ ನಿಜವಾಗಿ ಕೇಳಿದ್ದು. ಸ್ಟೇಷನ್ನಿನಲ್ಲಿ ಆಪರೇಟರುಗಳು ಕೈಬರಹದಲ್ಲಿ ತುಂಬುವ ಲಾಗ್ ಶೀಟ್ ಒಂದು ಕಡೆ, ಮೋಡೆಮ್‌ಗಳು ಯಾವಾಗ ಹೋದವು ಯಾವಾಗ ಬಂದವು ಎಂಬ ಸರ್ವರಿನ ದಾಖಲೆ ಇನ್ನೊಂದು ಕಡೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾಲ್ಕು ದಿನ ಕೂತು ಎರಡು ಮಳೆಗಾಲದ ಲೆಕ್ಕವನ್ನು ತಾಳೆ ಹಾಕಿದೆವು. ಫೀಡರ್ ಟ್ರಿಪ್ ಆದ ಕೂಡಲೇ ಮೋಡೆಮ್ ಸಾಯುತ್ತಿರಲಿಲ್ಲ. ಒಂದು ಜಾಗದಲ್ಲಿ ಹೆಚ್ಚು ಕಡಿಮೆ ಮೂರೂವರೆ ಗಂಟೆಗೆ, ಇನ್ನೊಂದರಲ್ಲಿ ಎರಡು ಗಂಟೆಗೆ, ಮತ್ತೊಂದರಲ್ಲಿ ಐದಕ್ಕೆ ಸಾಯುತ್ತಿತ್ತು. ಪ್ರತಿ ಜಾಗಕ್ಕೂ ಅದರದೇ ಅವಧಿ, ಮಳೆ ಜಡಿಯಲಿ ಹನಿಯಲಿ ಆ ಅವಧಿ ಬದಲಾಗುತ್ತಿರಲಿಲ್ಲ. ಮೊದಲ ವರ್ಷಕ್ಕಿಂತ ಎರಡನೆಯ ವರ್ಷ ಮಾತ್ರ ಎಲ್ಲ ಕಡೆಯೂ ಸ್ವಲ್ಪ ಕಡಿಮೆಯಾಗಿತ್ತು. ಇದು ಮಳೆಯ ಲಕ್ಷಣವಲ್ಲ, ವಯಸ್ಸಾಗುತ್ತಿರುವ ಬ್ಯಾಟರಿಯ ಲಕ್ಷಣ. ನಮ್ಮ ಪೆಟ್ಟಿಗೆಗಳ ಬ್ಯಾಟರಿಗಳು ಆ ಹೊತ್ತಿನಲ್ಲಿ ಚೆನ್ನಾಗಿಯೇ ಇದ್ದವು. ಹಾಗಾದರೆ ಬತ್ತುತ್ತಿದ್ದದ್ದು ಮೊಬೈಲ್ ಟವರಿನ ಬ್ಯಾಟರಿ.

ಹದಿನಾಲ್ಕರಲ್ಲಿ ಒಂದು ರಿಕ್ಲೋಸರ್ ಎರಡೂ ಮಳೆಗಾಲಗಳಲ್ಲಿ ಒಮ್ಮೆಯೂ ಮಾತು ಬಿಟ್ಟಿರಲಿಲ್ಲ. ಅದಕ್ಕೆ ಸಿಗ್ನಲ್ ಕೊಡುವ ಟವರು ಗುಡ್ಡದ ಆಚೆ, ಬೇರೆ ಸ್ಟೇಷನ್ನಿನ ಫೀಡರ್‌ನಲ್ಲಿತ್ತು. ಉಳಿದ ಟವರುಗಳೆಲ್ಲ ನಮ್ಮದೇ ಫೀಡರುಗಳ ಗ್ರಾಹಕರು. ಎರಡು ಸಿಮ್ ಯಾಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು: ಎರಡು ಕಂಪನಿಗಳ ಆಂಟೆನಾ ಒಂದೇ ಟವರಿನಲ್ಲಿ, ಒಂದೇ ಬ್ಯಾಟರಿ, ಒಂದೇ ಜನರೇಟರ್. ಡೀಸೆಲ್ ತರುವ ಗಾಡಿ ಬರಬೇಕಾದ ರಸ್ತೆಗೂ ಅದೇ ಮರಗಳು ಬಿದ್ದಿರುತ್ತಿದ್ದವು. ಈ ಪತ್ತೆಯನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಶಾಖಾ ಕಚೇರಿಯಲ್ಲಿ ವಿವರಿಸುತ್ತಿದ್ದಾಗ ಹಿರಿಯ ಪವರ್‌ಮ್ಯಾನ್ ಒಬ್ಬರು, “ಟವರಿಗೂ ನಾವೇ ಅಲ್ವಾ ಸಾರ್ ಕರೆಂಟ್ ಕೊಡೋದು? ನಮ್ದು ಹೋದ್ಮೇಲೆ ಅವ್ರುದ್ದು ಎಷ್ಟೊತ್ತು ಇರ್ತದೆ?” ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಕೇಳಲಿಲ್ಲ ಎಂದರು.

ಮರುಕಟ್ಟಿದ ಬಗೆ

ವೇಗವಾದ ಸಂಪರ್ಕ ಎಲ್ಲಿ ಸಿಗುತ್ತದೆ ಎಂದು ಹುಡುಕುವುದನ್ನು ಬಿಟ್ಟು, ನಮ್ಮ ಫೀಡರ್ ಸತ್ತ ಮೇಲೂ ಮೂರು ದಿನ ಬದುಕುವ ಸಂಪರ್ಕಕ್ಕೆ ಏನು ಬೇಕು ಎಂದು ಕೇಳಿಕೊಂಡ ಮೇಲೆ ಲೆಕ್ಕ ಸರಳವಾಯಿತು. ಒಂದು ಸ್ವಿಚ್ಚಿನ ಸ್ಥಿತಿ ಬದಲಾದ ಸುದ್ದಿ ‘ಒನ್ ನಾಟ್ ಫೋರ್’ನಲ್ಲಿ ಹದಿನಾರು ಬೈಟಿನಷ್ಟು, ಐಪಿ ಮತ್ತು ಟಿಸಿಪಿಯ (ಅಂತರ್ಜಾಲದ ಸಾಗಣೆ ನಿಯಮಗಳ) ಹೊದಿಕೆ ಸೇರಿ ಅರವತ್ತರ ಒಳಗೆ, ಅತಿ ದೊಡ್ಡ ಸಂದೇಶವೂ 255 ಬೈಟ್ ಮೀರುವಂತಿಲ್ಲ. ಸೆಕೆಂಡಿಗೆ 9,600 ಬಿಟ್ ಸಾಗಿಸುವ ಹಳೆಯ ಕಾಲದ ರೇಡಿಯೋ ಮೋಡೆಮ್‌ಗೂ ಒಂದು ಸುದ್ದಿ ದಾಟಿಸಲು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಆಧುನೀಕರಣ ಎಂದೊಡನೆ ಫೈಬರ್, 4ಜಿ, 5ಜಿ ಎಂದು ಯೋಚಿಸುತ್ತಿದ್ದ ನಮಗೆ, ಬೀರುವಿನಲ್ಲಿ ಕೂತಿದ್ದ ವಿಎಚ್‌ಎಫ್ ನೆನಪಾದದ್ದು ಆಗ. ಕಡಿಮೆ ಆವರ್ತನದ ಅಲೆ ಎಲೆ, ಗುಡ್ಡದಂಚುಗಳನ್ನು ಮೊಬೈಲಿನ ಅಲೆಗಿಂತ ಚೆನ್ನಾಗಿ ದಾಟುತ್ತದೆ. ವಿದ್ಯುತ್, ಅನಿಲ ಜಾಲಗಳಿಗೆ ಕೆಳ ಆವರ್ತನದ ಸ್ವಂತ ಪಟ್ಟಿ ಬೇಕೆಂಬುದು ನಮ್ಮೊಬ್ಬರ ವಿಚಾರವೂ ಅಲ್ಲ: ಅಮೆರಿಕದಲ್ಲಿ 2020ರಲ್ಲಿ 900 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗವನ್ನು ಇಂಥ ಖಾಸಗಿ ಬ್ರಾಡ್‌ಬ್ಯಾಂಡ್ ಜಾಲಗಳಿಗೆ ಅನುವಾಗುವಂತೆ ಮರುಜೋಡಿಸಿದರು, ಜರ್ಮನಿಯಲ್ಲಿ 2021ರಲ್ಲಿ 450 ಮೆಗಾಹರ್ಟ್ಸ್ ಪಟ್ಟಿಯನ್ನು ವಿದ್ಯುತ್, ಅನಿಲ, ನೀರಿನಂಥ ಮೂಲಸೌಕರ್ಯಗಳ ಜಾಲಕ್ಕೆಂದೇ ಹಂಚಿದರು. ಒಂದು ಉಪವಿಭಾಗದ ಮಟ್ಟದಲ್ಲಿ ಅಷ್ಟು ದೊಡ್ಡದು ಸಾಧ್ಯವಿರಲಿಲ್ಲ, 12.5 ಕಿಲೋಹರ್ಟ್ಸ್ ಅಗಲದ ಒಂದು ಕಿರಿದಾದ ಚಾನೆಲ್ ನಮಗೆ ಸಾಕಾಗಿತ್ತು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರವಾನಗಿಯ ಕಡತ ಮಾತ್ರ ಉಪಕರಣಗಳಿಗಿಂತ ನಿಧಾನವಾಗಿ ಸಾಗಿತು.

ಸ್ವೀಕರಣಾ ಕೇಂದ್ರದವರೆಗೆ ಒಪಿಜಿಡಬ್ಲ್ಯು ಫೈಬರನ್ನೇ ಬಳಸಿ, ಅಲ್ಲಿಂದ ಒಂದು ತೋಟದ ನೆತ್ತಿಯ ಗುಡ್ಡದ ಮೇಲೆ ರಿಪೀಟರ್ (ಸಂಕೇತವನ್ನು ಹಿಡಿದು ಮುಂದಕ್ಕೆ ಕಳುಹಿಸುವ ರೇಡಿಯೋ) ಇಟ್ಟು, ಅಲ್ಲಿಂದ ರಿಕ್ಲೋಸರ್‌ಗಳಿಗೆ ರೇಡಿಯೋ ಹಾಯಿಸಿದೆವು. ಮೊಬೈಲ್ ಮೋಡೆಮ್‌ಗಳನ್ನು ಕಿತ್ತುಹಾಕಲಿಲ್ಲ, ಒಳ್ಳೆಯ ದಿನಗಳಲ್ಲಿ ಲೋಡಿನ ವಿವರಗಳೆಲ್ಲ ಅವುಗಳ ಮೂಲಕವೇ ಬರುತ್ತವೆ. ರಿಪೀಟರಿನ ಬ್ಯಾಟರಿ ಲೆಕ್ಕದ ಬಗ್ಗೆ ಮಾತ್ರ ಗುತ್ತಿಗೆದಾರರೊಂದಿಗೆ ಜಗ್ಗಾಟವಾಯಿತು. ಸರಾಸರಿ 15 ವಾಟ್ ಬಳಸುವ ಉಪಕರಣಕ್ಕೆ 72 ಗಂಟೆಗೆ 1,080 ವಾಟ್-ಅವರ್ ಬೇಕು, 24 ವೋಲ್ಟಿನಲ್ಲಿ ಅದು 45 ಆಂಪಿಯರ್-ಅವರ್. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ವಯಸ್ಸಾದಂತೆ ಅದರ ಶಕ್ತಿಯೂ ಕುಗ್ಗುತ್ತದೆ ಎಂದು ಎರಡಕ್ಕೂ ಬಿಟ್ಟರೆ 70 ದಾಟುತ್ತದೆ. ಸೋಲಾರ್ ಫಲಕ ಇದೆಯಲ್ಲ, ಅರ್ಧ ಸಾಕು ಎಂಬುದು ಅವರ ವಾದ. ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರಿನಲ್ಲಿ ಸೋಲಾರನ್ನು ಸೊನ್ನೆ ಎಂದೇ ಹಿಡಿಯಬೇಕೆಂದು ಹಟ ಹಿಡಿದು 100 ಆಂಪಿಯರ್-ಅವರ್ ಹಾಕಿಸಿದೆವು.

ನಿಯಮಗಳೂ ಬದಲಾದವು. ಹತ್ತು ಸೆಕೆಂಡಿಗಿಂತ ಹಳೆಯ ಆಜ್ಞೆಯನ್ನು ರಿಕ್ಲೋಸರ್ ತಿರಸ್ಕರಿಸುತ್ತದೆ. ಲೈನ್ ಕ್ಲಿಯರ್ ಕೊಟ್ಟ ಕೂಡಲೇ ಸ್ಟೇಷನ್ ಆಪರೇಟರ್ ರೇಡಿಯೋದಲ್ಲಿ ನಿಯಂತ್ರಣ ಕೊಠಡಿಗೆ ತಿಳಿಸಿ, ಪರದೆಯಲ್ಲಿ ಆ ಭಾಗಕ್ಕೆ ಬೀಗದ ಗುರುತು ಬಿದ್ದದ್ದನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಪವರ್‌ಮ್ಯಾನ್‌ಗೆ ಹೇಳಬೇಕು. ಲೋಕಲ್-ರಿಮೋಟ್ ಕೀಲಿಗಳು ಶಾಖಾ ಕಚೇರಿಯ ಗೂಟದಿಂದ ಪವರ್‌ಮ್ಯಾನ್‌ಗಳ ಜೇಬಿಗೆ ಬಂದವು. ಮೋಡೆಮ್‌ಗಳಲ್ಲಿ ಕೆಲವಕ್ಕೆ ಅಂತರ್ಜಾಲದಿಂದ ಯಾರು ಬೇಕಾದರೂ ಮುಟ್ಟಬಹುದಾದ ವಿಳಾಸವಿದ್ದದ್ದು ಇದೇ ಸಮಯದಲ್ಲಿ ಕಣ್ಣಿಗೆ ಬಿತ್ತು, ಅವನ್ನು ಖಾಸಗಿ ಎಪಿಎನ್ (ಹೊರಗಿನವರು ಮುಟ್ಟಲಾಗದ ಮೊಬೈಲ್ ಜಾಲ) ಒಳಗೆ ತಂದೆವು. ‘ಒನ್ ನಾಟ್ ಫೋರ್’ಗೆ ತನ್ನದೇ ಆದ ಗುರುತು ಪರೀಕ್ಷೆ ಇಲ್ಲ, ಬಾಗಿಲಿಗೆ ಬಂದವರ ಮಾತನ್ನೆಲ್ಲ ಅದು ಕೇಳುತ್ತದೆ. 2015ರ ಡಿಸೆಂಬರ್ 23ರಂದು ಹ್ಯಾಕರುಗಳು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಪರದೆಗಳನ್ನೇ ವಶಪಡಿಸಿಕೊಂಡು ಬ್ರೇಕರ್‌ಗಳನ್ನು (ಸ್ಟೇಷನ್ನಿನ ದೊಡ್ಡ ಸ್ವಿಚ್‌ಗಳನ್ನು) ತೆರೆದು ಸುಮಾರು 2.25 ಲಕ್ಷ ಗ್ರಾಹಕರನ್ನು ಕತ್ತಲೆಗೆ ತಳ್ಳಿದಾಗ, ಅಲ್ಲಿಯವರು ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡದ್ದು ಸ್ಟೇಷನ್ನುಗಳಿಗೆ ಜನ ಹೋಗಿ ಕೈಯಿಂದಲೇ ಬ್ರೇಕರ್ ಮುಚ್ಚಿದ್ದರಿಂದ. ಆಪರೇಟರುಗಳ ಲಾಗ್ ಶೀಟನ್ನು ನಿಲ್ಲಿಸಿಬಿಡೋಣ ಎಂಬ ಪ್ರಸ್ತಾಪವನ್ನು ನಾನು ವಿರೋಧಿಸಿದ್ದಕ್ಕೆ ಇದೂ ಒಂದು ಕಾರಣ.

ಕೊಳವೆ ಮಾರ್ಗದ ನೆರೆಯವರು

ಮಂಗಳೂರಿನಿಂದ ಹಾಸನದ ಮೂಲಕ ಒಳನಾಡಿಗೆ ಹೋಗುವ ಇಂಧನ, ಎಲ್‌ಪಿಜಿ ಕೊಳವೆ ಮಾರ್ಗಗಳು ಇದೇ ಘಟ್ಟ ಹತ್ತಿ ಬರುತ್ತವೆ. ನಮ್ಮ ಒಂದು ಫೀಡರ್‌ನ ತುದಿಯಲ್ಲಿ ಅನಿಲ ಕೊಳವೆಯೊಂದರ, ಸಿಬ್ಬಂದಿ ಇಲ್ಲದ ಕವಾಟ ಕೇಂದ್ರವಿತ್ತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಚದುರದೆ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಒತ್ತಡ, ಹರಿವುಗಳ ಮೇಲೆ ಎಡೆಬಿಡದ ಕಣ್ಣು ಬೇಕು. ಅದಕ್ಕೆಂದೇ ಕೊಳವೆಯ ಜೊತೆಗೆ ಅದೇ ಕಂದಕದಲ್ಲಿ ಅವರು ಫೈಬರ್ ಹೂಳಿರುತ್ತಾರೆ. ಮರ ಬೀಳಲಿ, ಗಾಳಿ ಬೀಸಲಿ, ಅವರ ಮಾತು ನಿಲ್ಲುವುದಿಲ್ಲ. ಕರೆಂಟು ಮಾತ್ರ ನಮ್ಮದು. ಎರಡನೆಯ ಮಳೆಗಾಲದಲ್ಲಿ ಅವರ ಬ್ಯಾಟರಿ ಕೊನೆಗೆ ಬಂದಾಗ ಅವರ ಎಂಜಿನಿಯರ್ ಉಪವಿಭಾಗದ ಕಚೇರಿಗೆ ಫೋನ್ ಮಾಡಿ ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿದರು, ಫಾಲ್ಟ್ ಎಲ್ಲಿದೆ ಎಂದು ನಮಗೇ ಗೊತ್ತಿರಲಿಲ್ಲ. ಅವರಲ್ಲಿ ಮಾತಿತ್ತು, ಕರೆಂಟಿರಲಿಲ್ಲ. ಕರೆಂಟು ಕೊಡಬೇಕಾದ ನಮ್ಮಲ್ಲಿ ಮಾತಿರಲಿಲ್ಲ.

ಅವರ ಫೈಬರಿನ ಒಂದು ಜೊತೆ ಎಳೆಯನ್ನು ನಮಗೆ ಕೊಡಿ ಎಂದು ಕೇಳುವುದು ಸಹಜವಾಗಿ ಮೊದಲು ಹೊಳೆದ ಉಪಾಯ. ಏಳು ತಿಂಗಳು ಪತ್ರ ವ್ಯವಹಾರವಾಯಿತು. ತಮ್ಮ ಬಳಕೆಗೆಂದು ಹಾಕಿದ ಫೈಬರನ್ನು ಬೇರೆ ಸಂಸ್ಥೆಗೆ ಕೊಡುವ ಕುರಿತ ಪರವಾನಗಿಯ ಪ್ರಶ್ನೆ, ಭದ್ರತೆಯ ಪ್ರಶ್ನೆ ಎರಡೂ ಎದ್ದು ಅದು ಅಲ್ಲಿಗೇ ನಿಂತಿತು. ಅವರ ಹಿಂಜರಿಕೆ ತಪ್ಪೆಂದು ನನಗೆ ಅನಿಸುವುದಿಲ್ಲ, ಎರಡು ಸೂಕ್ಷ್ಮ ಜಾಲಗಳನ್ನು ಒಂದೇ ಕೇಬಲಿಗೆ ಕಟ್ಟುವುದು ಎಂದರೆ ಎರಡರ ಅಪಾಯವನ್ನೂ ಒಟ್ಟಿಗೆ ಕಟ್ಟುವುದು. ಕೊನೆಗೆ ಉಳಿದದ್ದು ಖರ್ಚಿಲ್ಲದ ಎರಡು ಏರ್ಪಾಡುಗಳು. ಕವಾಟ ಕೇಂದ್ರದ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹೋಗುವ ಕವಲನ್ನು ರಿಕ್ಲೋಸರ್‌ನ ಆಚೆಯಿಂದ ಕಿತ್ತು ಸ್ಟೇಷನ್ ಕಡೆಯ ಭಾಗಕ್ಕೆ ಸೇರಿಸಿದೆವು. ಮೂರು ಕಂಬ ಹೊಸದಾಗಿ ನೆಟ್ಟದ್ದೇ ಕೆಲಸ. ಇನ್ನೊಂದು, ಅವರ ಕೇಂದ್ರದಲ್ಲಿ ಕರೆಂಟು ಹೋದ ಎಚ್ಚರಿಕೆ ಬಂದ ತಕ್ಷಣ ಅವರ ನಿಯಂತ್ರಣ ಕೊಠಡಿಯಿಂದ ನಮ್ಮ ಸ್ವೀಕರಣಾ ಕೇಂದ್ರದ ಸ್ಥಿರ ದೂರವಾಣಿಗೆ ಒಂದು ಕರೆ. ಫೀಡರ್‌ನ ಆ ಭಾಗ ಸತ್ತಿದೆಯೋ ಇಲ್ಲವೋ ಎಂದು ನಮ್ಮ ಯಾವ ಉಪಕರಣವನ್ನೂ ನಂಬದೆ ತಿಳಿಯುವ ದಾರಿ ಅದು.

ಫಲಿತಾಂಶ

ಮೂರನೆಯ ಮಳೆಗಾಲ ಹಿಂದಿನ ಎರಡಕ್ಕಿಂತ ಸೌಮ್ಯವಾಗಿತ್ತು ಎಂದು ಪ್ರಾಮಾಣಿಕವಾಗಿ ಒಪ್ಪಬೇಕು, ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲ. ಆದರೂ ಮೂವತ್ತು ಗಂಟೆಗೂ ಮೇಲೆ ಕರೆಂಟಿಲ್ಲದ ಒಂದು ಅವಧಿ ಬಂತು. ಟವರುಗಳು ಎಂದಿನಂತೆ ತಮ್ಮ ತಮ್ಮ ಹೊತ್ತಿಗೆ ಸತ್ತವು, ರೇಡಿಯೋ ಉಳಿಯಿತು, ರಾತ್ರಿಯ ಹೊತ್ತು ಯಾರೂ ತೋಟದೊಳಗೆ ಮಾರ್ಗ ಹಿಡಿದು ನಡೆಯಬೇಕಾಗಲಿಲ್ಲ. ಎರಡು ರಿಕ್ಲೋಸರ್‌ಗಳು ಕಣಿವೆಯ ತಳದಲ್ಲಿದ್ದು ರಿಪೀಟರಿಗೆ ಕಾಣುವುದಿಲ್ಲ, ಅವು ಇಂದಿಗೂ ಮೊಬೈಲನ್ನೇ ನಂಬಿವೆ. ಅವುಗಳಿಗೆ ದೂರದಿಂದ ಮುಚ್ಚುವ ಆಜ್ಞೆ ಕೊಡಲು ತಂತ್ರಾಂಶದಲ್ಲೇ ಅವಕಾಶ ತೆಗೆದಿದ್ದೇವೆ, ತೆರೆಯಲು ಮಾತ್ರ ಬರುತ್ತದೆ. ಆಗಸ್ಟಿನಲ್ಲಿ ಒಮ್ಮೆ ಸಿಡಿಲಿಗೆ ರಿಪೀಟರೇ ಸುಟ್ಟಿತು. ಗುಡ್ಡದ ನೆತ್ತಿ ಬಂಡೆ, ಅಲ್ಲಿ ಒಳ್ಳೆಯ ಅರ್ತಿಂಗ್ ಸಿಗುವುದು ಕಷ್ಟ ಎಂಬುದನ್ನು ನಾನು ಮೊದಲೇ ಲೆಕ್ಕಕ್ಕೆ ತರಬೇಕಿತ್ತು. ಬಂಡೆಯಿಂದ ಕೆಳಗಿನ ತೋಟದ ಮಣ್ಣಿನವರೆಗೆ ಪಟ್ಟಿ ಎಳೆದು ಅರ್ತ್ ಮಾಡಲು ತೋಟದ ಮಾಲೀಕರು ಒಪ್ಪಿದರು, ಎಂಟು ಕಾಫಿ ಗಿಡಗಳಿಗೆ ಪರಿಹಾರ ಕೇಳಿದರು, ಕೊಡಲಾಯಿತು.

ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ, ಮರಗಸಿ ಮುಗಿಯುವ ಹೊತ್ತಿಗೆ, ರಿಪೀಟರ್ ಮತ್ತು ಹನ್ನೆರಡು ರೇಡಿಯೋ ಪೆಟ್ಟಿಗೆಗಳ ಕರೆಂಟನ್ನು ಬೇಕೆಂದೇ ತೆಗೆದು, ಅವು ಎಷ್ಟು ಗಂಟೆ ಉಳಿಯುತ್ತವೆ ಎಂದು ಬರೆದಿಡುತ್ತಾರೆ. ಆಪರೇಟರುಗಳು ಲಾಗ್ ಶೀಟಿನ ಅಂಚಿನಲ್ಲಿ ಸ್ಕೇಲಿನಿಂದ ಗೆರೆ ಎಳೆದು ಅದಕ್ಕೊಂದು ಕಾಲಂ ಮಾಡಿಕೊಂಡಿದ್ದಾರೆ. ಕಳೆದ ಸಲದ ಪರೀಕ್ಷೆಯಲ್ಲಿ ಒಂದು ಪೆಟ್ಟಿಗೆ ಹತ್ತೊಂಬತ್ತು ಗಂಟೆಗೇ ನಿಂತಿತು. ಹೊಸ ಬ್ಯಾಟರಿಗೆ ಬೇಡಿಕೆ ಪತ್ರ ಹೋಗಿ, ಆರಿದ್ರಾ ಮಳೆ ಹಿಡಿಯುವ ಮುನ್ನ ಬಂದು ಕೂತಿತು.